ಮೊದಲ ಗೆರೆ ನೀರಿಗೆ

(ಹೊಲ ಉಳ್ಳವರು, ಪ್ಲಾಟ್ ಕೊಳ್ಳಲು ಓಡಾಡುತ್ತಿರುವವರು ಮತ್ತು ಸಿವಿಲ್ ಓದುತ್ತಿರುವ ಹುಡುಗ ಹುಡುಗಿಯರು ಕೂಡಿದ್ದ ಒಂದು ಸಂಜೆ ಕಲಬುರಗಿಯಲ್ಲಿ ಆಡಿದ ಮಾತುಗಳ ಬರಹ ರೂಪ.)

ಎಲ್ಲರಿಗೂ ಶರಣಾರ್ಥಿ.

ನಾನು ಮಾಡಿದ ಒಂದು ತಪ್ಪಿನಿಂದಲೇ ಶುರು ಮಾಡುತ್ತೇನೆ. ಕೆಲಸಕ್ಕೆ ಸೇರಿದ ಹೊಸತು. ಊರ ಹೊರಗಿನ ಆರು ಎಕರೆ ಹೊಲವೊಂದಕ್ಕೆ ಲೇಔಟ್ ನಕಾಶೆ ಬರೆಯುವ ಕೆಲಸ ಬಂತು. ಮೇ ತಿಂಗಳು. ಹೊಲ ಬಿರುಕು ಬಿಟ್ಟಿತ್ತು, ಬಿರುಕಿನೊಳಗೆ ಅಂಗೈ ಇಳಿಯುತ್ತಿತ್ತು. ಕಣ್ಣಿಗೆ ಎಲ್ಲ ಕಡೆ ಸಪಾಟು. ನಡುವೆ ಒಂದು ಒಡ್ಡು, ಒಡ್ಡಿನ ಒಂದು ಕಡೆ ಕಲ್ಲು ಹೊಂದಿಸಿದ ಸಣ್ಣ ಕೋಡಿ. ಅರ್ಧ ಗಂಟೆ ನಿಂತು, ನಾಲ್ಕು ಫೋಟೊ ತೆಗೆದುಕೊಂಡು ಆಫೀಸಿಗೆ ಬಂದು ಸರ್ವೆ ನಕ್ಷೆಯ ಮೇಲೆ ರಸ್ತೆ ಎಳೆದೆ, ಪ್ಲಾಟ್ ಕೊರೆದೆ. ಆ ಕೋಡಿ ಇದ್ದ ಜಾಗ ಮೂರು ಪ್ಲಾಟುಗಳ ಒಳಗೆ ಹೋಯಿತು. ಒಡ್ಡು ಒಡೆದು ಸಮ ಮಾಡಿದರು. ಪ್ಲಾಟ್ ಮಾರಿ ಹೋದವು, ಮನೆಗಳು ಎದ್ದವು.

ಎರಡನೇ ಮಳೆಗಾಲದಲ್ಲಿ ಅಲ್ಲಿಂದ ಫೋನ್ ಬಂತು. ಹೋಗಿ ನೋಡಿದರೆ ಮಂಚದ ಕಾಲು ಮುಳುಗುವಷ್ಟು ನೀರು. ಮೂರು ಮನೆಗಳಲ್ಲಿ ಮಾತ್ರ. ಎಡಬಲದ ಮನೆಗಳು ಒಣಗೇ ಇದ್ದವು. ಆ ನೀರು ಒಂದೇ ಗೆರೆಯಲ್ಲಿ, ಅವಸರವಿಲ್ಲದೆ, ಮೊದಲು ಕೋಡಿ ಇದ್ದ ಕಡೆಯಿಂದಲೇ ಸಾಗಿ ಹೋಗುತ್ತಿತ್ತು. ಆ ಹೊಲದ ಹಿಂದಿನ ಯಜಮಾನರು ಪಕ್ಕದಲ್ಲೇ ನಿಂತಿದ್ದರು. "ಸಾಹೇಬ್ರ, ನಮ್ಮ ಮುತ್ಯಾನ ಕಾಲದಿಂದ ನೀರು ಹಿಂಗೇ ಹೋಗ್ತದ್ರಿ. ನೀವು ಕೇಳ್ಲಿಲ್ಲ, ನಾವು ಹೇಳ್ಲಿಲ್ಲ" ಅಂದರು.

ಅವತ್ತಿನಿಂದ ನನಗೆ ಒಡ್ಡು ಬರೀ ಮಣ್ಣಿನ ಗುಡ್ಡೆಯಾಗಿ ಕಾಣುವುದಿಲ್ಲ. ಮಟ್ಟ ನೋಡುವ ಯಂತ್ರ ಇಲ್ಲದ ಕಾಲದಲ್ಲಿ, ಮಳೆಯಲ್ಲಿ ಗುದ್ದಲಿ ಹಿಡಿದು ನಿಂತು ರೈತ ಬರೆದ ನಕಾಶೆ ಅದು. ನೀರು ಎಲ್ಲಿ ಸೇರುತ್ತದೆ, ಎಲ್ಲಿ ಹೊರಗೆ ಹೋಗುತ್ತದೆ ಎಂಬುದನ್ನು ಕೋಡಿ ಇಟ್ಟವನು ತಲೆಮಾರುಗಳ ಮಳೆ ನೋಡಿ ತಿಳಿದಿರುತ್ತಾನೆ. ಇವತ್ತು ದೂರ, ಎತ್ತರ ಅಳೆಯುವ ಟೋಟಲ್ ಸ್ಟೇಷನ್ ಯಂತ್ರ ಇದೆ, ಡ್ರೋನ್ ಇದೆ, ಒಂದೇ ದಿನದಲ್ಲಿ ಇಡೀ ಹೊಲದ ಏರುತಗ್ಗು ಹಾಳೆಯ ಮೇಲೆ ಬರುತ್ತದೆ. ಖಂಡಿತ ಮಾಡಿಸಿ. ಆದರೆ ಅದರ ಜೊತೆಗೆ ಹೊಲದ ಯಜಮಾನರನ್ನು ಕರೆದುಕೊಂಡು ಒಂದು ಸುತ್ತು ನಡೆಯಿರಿ. ಸಾಧ್ಯವಾದರೆ ಮಳೆಯಲ್ಲೇ ನಡೆಯಿರಿ.

ಇಷ್ಟಕ್ಕೂ ಸೈಟ್ ಡಿಸೈನ್ ಅಂದರೇನು? ನಮ್ಮ ಕಡೆ ಸೈಟ್ ಅನ್ನುವ ಮಾತೇ ಕಡಿಮೆ, ಪ್ಲಾಟ್ ಅನ್ನುತ್ತೇವೆ. ಹಾಗಾಗಿ ಬಹಳ ಮಂದಿ ಪ್ಲಾಟ್ ಕೊರೆಯುವುದೇ ಸೈಟ್ ಡಿಸೈನ್ ಅಂದುಕೊಂಡಿದ್ದಾರೆ. ಪ್ಲಾಟ್ ಕೊರೆಯುವುದು ಅದರ ಕೊನೆಯ ಕೆಲಸ. ಈ ಭೂಮಿಯ ಮೇಲೆ ಮಳೆ ನೀರು, ಕೊಳಚೆ ನೀರು, ಕುಡಿಯುವ ನೀರು, ಬಿಸಿಲು, ಗಾಳಿ, ನಡೆಯುವವರು, ಗಾಡಿಗಳು ಹೇಗೆ ಓಡಾಡಬೇಕು, ಯಾವ ಮಣ್ಣಿನ ಮೇಲೆ ಎಷ್ಟು ಭಾರ ಹೇರಬಹುದು ಎಂದು ಮೊದಲೇ ಕೂತು ಗೊತ್ತು ಮಾಡುವುದು ಸೈಟ್ ಡಿಸೈನ್. ಒಬ್ಬರು ಮನೆ ಕೆಟ್ಟದಾಗಿ ಕಟ್ಟಿದರೆ ಅವರೊಬ್ಬರಿಗೆ ತೊಂದರೆ, ಒಡೆದು ಮತ್ತೆ ಕಟ್ಟಬಹುದು. ಲೇಔಟ್ ಕೆಟ್ಟರೆ ನೂರು ಮನೆಗಳಿಗೆ ತೊಂದರೆ, ಒಡೆದು ಕಟ್ಟಲು ಬರುವುದಿಲ್ಲ.

ನಮ್ಮ ಮಣ್ಣಿನ ಮಾತಿಗೆ ಬರೋಣ. ಕಲಬುರಗಿಯ ಬಹುಪಾಲು, ಯಾದಗಿರಿಯ ಸಾಕಷ್ಟು ಭಾಗ ಎರೆ ಭೂಮಿ, ಅಂದರೆ ಕರಿಮಣ್ಣು. ತೊಗರಿಗೆ ಇಂಥ ಮಣ್ಣು ಬೇರೆ ಸಿಗುವುದಿಲ್ಲ. ಕಲಬುರಗಿ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿದೆ. ಆದರೆ ಬೆಳೆಗೆ ಒಳ್ಳೆಯದಾದ ಗುಣವೇ ಮನೆಗೆ ಕಷ್ಟ ಕೊಡುತ್ತದೆ. ಈ ಜೇಡಿಯಲ್ಲಿ ಇರುವ ಮಾಂಟ್‌ಮೊರಿಲೊನೈಟ್ ಎಂಬ ಖನಿಜ ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ವರ್ಷಕ್ಕೊಮ್ಮೆ ಭೂಮಿ ಮೇಲೆದ್ದು ಕೆಳಗಿಳಿಯುತ್ತದೆ, ಅದರ ಜೊತೆ ಮನೆಯ ಪಾಯಾನೂ ಏಳುತ್ತದೆ, ಇಳಿಯುತ್ತದೆ. ಮೂರನೇ ವರ್ಷಕ್ಕೆ ಬಾಗಿಲ ಮೂಲೆಯಿಂದ ಓರೆಯಾಗಿ ಬಿರುಕು. ಗೌಂಡಿ ಸಿಮೆಂಟ್ ಕದ್ದ ಅಂತ ಬೈಯುತ್ತೇವೆ. ಎಷ್ಟೋ ಸಲ ಅವನ ತಪ್ಪಿರುವುದಿಲ್ಲ.

ಇದಕ್ಕೆ ಮದ್ದು ಹಳೆಯದೇ. ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆಯವರು ಕರಿಮಣ್ಣಿಗೆಂದೇ ಅಂಡರ್‌ರೀಮ್ ಪೈಲ್ ರೂಪಿಸಿದರು. ಉಬ್ಬಿ ಕುಗ್ಗುವ ಮೇಲಿನ ಪದರ ದಾಟಿ ಸುಮಾರು ಮೂರೂವರೆ ಮೀಟರ್ ಆಳಕ್ಕಾದರೂ ಇಳಿಸಿ, ತಳದಲ್ಲಿ ಗಡ್ಡೆಯಂತೆ ಅಗಲ ಮಾಡುವ ಕಂಬ ಅದು. ಮೇಲಿನ ಮಣ್ಣು ಏನೇ ಆಟ ಆಡಿದರೂ ಗಡ್ಡೆ ಹಿಡಿದು ನಿಲ್ಲುತ್ತದೆ. ಬಾಂಬೆ ಐಐಟಿಯ ಪ್ರೊಫೆಸರ್ ಆರ್. ಕೆ. ಕಟ್ಟಿಯವರು ಉಬ್ಬದ ಅಂಟು ಮಣ್ಣಿನ ಪದರವನ್ನು ಕರಿಮಣ್ಣಿನ ಮೇಲೆ ಹಾಸಿ ಅದರ ಉಬ್ಬರ ತಡೆಯುವ ದಾರಿ ತೋರಿಸಿದರು. ಒಳ್ಳೆಯ ಮುರುಮ, ಅಂದರೆ ಗರಸು ಮಣ್ಣು, ಹಾಕಿ ಧುಮ್ಮಸ್ ಹೊಡೆದು ಗಟ್ಟಿ ಮಾಡುವ ನಮ್ಮ ರೂಢಿಗೆ ಅವರ ಕೆಲಸದಿಂದ ಒಂದು ಲೆಕ್ಕ ಸಿಕ್ಕಿತು.

ಪಾಯಾ ಮನೆಯವರ ಕೆಲಸ, ಲೇಔಟ್ ಬರೆಯುವವನಿಗೆ ಏನು ಸಂಬಂಧ ಅಂತ ಕೇಳಬಹುದು. ಸಂಬಂಧ ಇದೆ. ಹೊಲದ ಐದಾರು ಕಡೆ ಜೆಸಿಬಿಯಿಂದ ಗುಂಡಿ ತೆಗೆಸಿ ನೋಡಿದರೆ ಒಂದು ಕಡೆ ನಾಲ್ಕು ಅಡಿಗೆ ಮುರುಮ ಸಿಗುತ್ತದೆ, ಇನ್ನೊಂದು ಕಡೆ ಹನ್ನೆರಡು ಅಡಿ ಹೋದರೂ ಕರಿಮಣ್ಣೇ. ಇದು ಒಂದೇ ಹೊಲದಲ್ಲಿ. ಹಾಗಿರುವಾಗ ನೀರಿನ ಟಾಕಿ, ಅಪಾರ್ಟ್‌ಮೆಂಟಿನಂಥ ಭಾರದ ಕಟ್ಟಡವನ್ನು ಮುರುಮ ಹತ್ತಿರ ಇರುವ ಕಡೆ ಇಟ್ಟು, ಕರಿಮಣ್ಣು ಆಳವಾಗಿರುವ ಕಡೆ ಉದ್ಯಾನ, ಆಟದ ಮೈದಾನ ಬಿಟ್ಟರೆ ಎಷ್ಟು ಮನೆಗಳ ಪಾಯಾ ಖರ್ಚು ಉಳಿಯುತ್ತದೆ ನೋಡ್ರಿ. ಐದಾರು ಗುಂಡಿಗೆ ಒಂದು ದಿನದ ಬಾಡಿಗೆ. ಆ ಒಂದು ದಿನ ಕೊಡಲು ನಮ್ಮಲ್ಲಿ ಹಿಂಜರಿಯುತ್ತಾರೆ, ನನಗೆ ಇದು ಇವತ್ತಿಗೂ ಸಂಕಟ.

ರಸ್ತೆಗೂ ಇದೇ ಮಾತು. ಕರಿಮಣ್ಣಿನ ಮೇಲೆ ನೇರ ಜಲ್ಲಿ ಹಾಸಿ ಡಾಂಬರು ಬಳಿದರೆ ಮಾರಾಟದ ದಿನ ಚೆಂದ, ಮುಂದಿನ ಮಳೆಗೆ ಜಲ್ಲಿ ಮಣ್ಣಿನೊಳಗೆ. ಕೆಳಗೆ ದಪ್ಪ ಮುರುಮ, ಎರಡೂ ಬದಿ ಗಟಾರ, ಅಷ್ಟಾದ ಮೇಲೆ ಡಾಂಬರು.

ಈಗ ಲೆಕ್ಕ. ಒಂದು ಎಕರೆಗೆ 40 ಗುಂಟೆ, ಗುಂಟೆಗೆ 1,089 ಚದರಡಿ. ಅಂದರೆ ಎಕರೆಗೆ 43,560. ಹೊಲದ ಮಾಲೀಕರು ಮನಸ್ಸಿನಲ್ಲಿ ಇದನ್ನು ಒಂದು ಪ್ಲಾಟಿನ 1,200 ಚದರಡಿಯಿಂದ ಭಾಗಿಸಿ ಎಕರೆಗೆ ಮೂವತ್ತಾರು ಪ್ಲಾಟ್ ಅಂದುಕೊಂಡು ಬರುತ್ತಾರೆ. ರಸ್ತೆ, ಉದ್ಯಾನ, ನಾಗರಿಕ ಸೌಲಭ್ಯದ ಜಾಗ ತೆಗೆದ ಮೇಲೆ ಮಾರಲು ಉಳಿಯುವುದು ಅರ್ಧಕ್ಕಿಂತ ತುಸು ಹೆಚ್ಚು. ಇಪ್ಪತ್ತರ ಹತ್ತಿರ ಬಂದರೆ ಸರಿ. ಈ ಮೂವತ್ತಾರಕ್ಕೂ ಇಪ್ಪತ್ತಕ್ಕೂ ನಡುವಿನ ಅಂತರದಲ್ಲೇ ನಮ್ಮ ಎಲ್ಲ ಜಗಳ.

ನಾಲ್ಕು ಎಕರೆಯ ಒಬ್ಬ ಮಾಲೀಕರು, ನಾನು ಅವರನ್ನು ಕಾಕಾ ಅಂತ ಕರೆಯುತ್ತೇನೆ, ನನ್ನ ಹತ್ತಿರ ಬಂದಿದ್ದರು. ಹೊಲದ ತಗ್ಗಿನ ಅಂಚಿನಲ್ಲಿ ಒಂದು ಹಳ್ಳ. ನಾನು ಬರೆದ ನಕಾಶೆಯಲ್ಲಿ 79 ಪ್ಲಾಟ್. ಇನ್ನೊಬ್ಬರು ಬರೆದುಕೊಟ್ಟದ್ದರಲ್ಲಿ 90. "ತಮ್ಮಾ, ಹನ್ನೊಂದು ಪ್ಲಾಟ್ ಎಲ್ಲಿ ಹಾಕಿದಿ?" ಅಂತ ಕೇಳಿದರು. ಎರಡೂ ಹಾಳೆ ಮೇಜಿನ ಮೇಲೆ ಜೋಡಿಸಿಟ್ಟು ತೋರಿಸಿದೆ. ಆ ಹಾಳೆಯಲ್ಲಿ ಹಳ್ಳ ಸಪೂರ ಗೆರೆಯಾಗಿತ್ತು, ಉದ್ಯಾನ ಏರಿನ ಮೇಲೆ ಯಾರಿಗೂ ಬೇಡದ ಮೂರು ಮೂಲೆಯ ತುಂಡಾಗಿತ್ತು, ರಸ್ತೆ ಅಗಲ ಕಡಿಮೆಯಾಗಿತ್ತು. ನನ್ನ ಹಾಳೆಯಲ್ಲಿ ಹಳ್ಳಕ್ಕೆ ಬಿಡಬೇಕಾದ ಅಂತರ ಬಿಟ್ಟು, ಅದಕ್ಕೆ ಅಂಟಿಕೊಂಡು ಉದ್ಯಾನ ಇಟ್ಟಿದ್ದೆ. ಉದ್ಯಾನಕ್ಕೆ ಜಾಗ ಕೊಡುವುದು ಹೇಗೂ ತಪ್ಪದು. ಕೊಡುವುದನ್ನು ನೀರು ಸೇರುವ ಕಡೆ ಕೊಟ್ಟರೆ ಜೋರು ಮಳೆ ಬಂದಾಗ ನೀರು ಮನೆಗೆ ನುಗ್ಗುವ ಬದಲು ಹುಲ್ಲಿನ ಮೇಲೆ ನಾಲ್ಕು ತಾಸು ನಿಂತು ಹಳ್ಳಕ್ಕೆ ಇಳಿಯುತ್ತದೆ. ರಸ್ತೆಗಳನ್ನೂ ಆ ಕಡೆಗೇ ಇಳಿಸಿದ್ದೆ, ಗಟಾರಕ್ಕೆ ನೂರು ಅಡಿಗೆ ಅರ್ಧ ಅಡಿಯಾದರೂ ಇಳಿಜಾರು ಸಿಗುವ ಹಾಗೆ.

ಕಾಕಾ ಬಹಳ ಹೊತ್ತು ಹಾಳೆ ನೋಡಿದರು. ಅವರು ಒಪ್ಪಿದ್ದು ನನ್ನ ಮಾತಿಗಲ್ಲ, ಬೇರೆ ಕಾರಣಕ್ಕೆ. ಅದೇ ಲೇಔಟಿನಲ್ಲಿ ಮಗಳಿಗೆ ಎರಡು ಪ್ಲಾಟ್ ಇಟ್ಟುಕೊಳ್ಳುವ ಆಸೆ ಅವರಿಗಿತ್ತು. "ಆಕಿ ಮನಿ ಎಲ್ಲಿ ಬರ್ತದ ಅದನ್ನ ಮೊದಲು ತೋರಿಸು" ಅಂದರು. ತೋರಿಸಿದೆ. 79 ಸಾಕು ಅಂದರು. 2020ರ ಅಕ್ಟೋಬರಿನಲ್ಲಿ ಭೀಮೆ ಉಕ್ಕಿ ಕಲಬುರಗಿ, ಯಾದಗಿರಿ ಜಿಲ್ಲೆಗಳ ದಂಡೆಯ ಊರುಗಳು ನೀರಲ್ಲಿ ನಿಂತಿದ್ದು ನಿಮಗೆ ನೆನಪಿದೆ. ಆ ಮಳೆಯ ದಿನಗಳಲ್ಲಿ ನಾನು ಆ ಲೇಔಟಿಗೆ ಹೋಗಿದ್ದೆ. ಉದ್ಯಾನದಲ್ಲಿ ಮೊಣಕಾಲು ನೀರು. ಮನೆಗಳ ಮುಂದಿನ ರಂಗೋಲಿ ಕಟ್ಟೆ ಒದ್ದೆಯಾಗಿತ್ತು, ಅಷ್ಟೇ.

ಮಳೆ ನೀರಿಗಿಂತ ಕಡಿಮೆ ಮಾತಾಡುವ ವಿಷಯ ಕೊಳಚೆ ನೀರು. ಊರ ಹೊರಗಿನ ಲೇಔಟಿಗೆ ಒಳಚರಂಡಿ ತಲುಪಲು ವರ್ಷಗಳು ಬೇಕು. ಅಲ್ಲಿಯವರೆಗೆ ಪ್ರತಿ ಮನೆಗೆ ಸೆಪ್ಟಿಕ್ ಟ್ಯಾಂಕ್, ಪಕ್ಕಕ್ಕೆ ಇಂಗುಗುಂಡಿ ಅಂತ ನಕಾಶೆಯಲ್ಲಿ ಬರೆಯುತ್ತಾರೆ. ಕರಿಮಣ್ಣಿನಲ್ಲಿ ಇಂಗುಗುಂಡಿ ಇಂಗುವುದಿಲ್ಲ. ಮಣ್ಣು ಒದ್ದೆಯಾದ ಕೂಡಲೇ ಉಬ್ಬಿ ತನ್ನ ರಂಧ್ರಗಳನ್ನು ತಾನೇ ಮುಚ್ಚಿಕೊಳ್ಳುತ್ತದೆ. ನಂಬಿಕೆ ಬರದಿದ್ದರೆ ಮೂರು ಅಡಿ ಗುಂಡಿ ತೋಡಿ, ಎರಡು ದಿನ ನೆನೆಸಿ, ಮತ್ತೆ ನೀರು ತುಂಬಿ ಮರುದಿನ ಹೋಗಿ ನೋಡಿ. ಬಹುತೇಕ ಹಾಗೇ ನಿಂತಿರುತ್ತದೆ. ಆ ಮೇಲೆ ಆಗುವುದು ನಿಮಗೆಲ್ಲ ಗೊತ್ತು. ಗುಂಡಿ ತುಂಬಿ ಗಟಾರಕ್ಕೆ, ಗಟಾರ ತುಂಬಿ ರಸ್ತೆಗೆ, ರಸ್ತೆಯಿಂದ ಪಕ್ಕದ ಖಾಲಿ ಪ್ಲಾಟಿಗೆ. ಆ ಖಾಲಿ ಪ್ಲಾಟಿನವರೂ ಸಾಲ ಮಾಡಿ ಕೊಂಡವರೇ. ಹಾಗಾಗಿ ಎರೆ ಭೂಮಿಯ ಲೇಔಟಿನಲ್ಲಿ ಮೊದಲ ದಿನದಿಂದಲೇ ಎಲ್ಲ ಮನೆಗಳನ್ನು ಕೂಡಿಸುವ ಪೈಪು, ತಗ್ಗಿನ ತುದಿಯಲ್ಲಿ ಸಣ್ಣದಾದರೂ ಒಂದು ಶುದ್ಧೀಕರಣ ಘಟಕ, ಅದಕ್ಕೆ ಟ್ಯಾಂಕರ್ ಹೋಗುವಷ್ಟು ದಾರಿ ಬೇಕೇ ಬೇಕು. ಕುಡಿಯುವ ನೀರಿನ ಟಾಕಿ ಎತ್ತರದ ತುದಿಯಲ್ಲಿ, ಈ ಘಟಕ ತಗ್ಗಿನ ತುದಿಯಲ್ಲಿ. ಈ ಎರಡು ಜಾಗ ಗೊತ್ತಾದರೆ ಲೇಔಟಿನ ಬೆನ್ನೆಲುಬು ತಾನಾಗಿ ಕಾಣಿಸಿಕೊಳ್ಳುತ್ತದೆ.

ಬೀದರಿಗೆ ಹೋದರೆ ಕಥೆ ಪೂರ್ತಿ ಬೇರೆ. ಬೀದರ್ ಊರು ಕೂತಿರುವುದು ಜಂಬಿಟ್ಟಿಗೆಯ ಕೆಂಪು ಪ್ರಸ್ಥಭೂಮಿಯ ಮೇಲೆ. ಅಲ್ಲಿಯ ನೆಲ ನೀರು ಕುಡಿಯುತ್ತದೆ. ಮೇಲೆ ರಂಧ್ರ ರಂಧ್ರದ ಕೆಂಪು ಕಲ್ಲು, ಅದರ ಅಡಿಯಲ್ಲಿ ನೀರು ಬಿಡದ ಪದರ. ಇಂಗಿದ ನೀರು ಈ ಎರಡರ ನಡುವೆ ಸಾಗುತ್ತದೆ. ಇದನ್ನು ತಿಳಿದೇ ಬಹಮನಿಗಳ ಕಾಲದಲ್ಲಿ, ಹದಿನೈದನೇ ಶತಮಾನದಲ್ಲಿ, ಕರೇಜ್ ತೋಡಿದರು. ನಾವು ಸುರಂಗ ಬಾವಿ ಅನ್ನುತ್ತೇವೆ. ಪರ್ಷಿಯಾದಿಂದ ಬಂದ ವಿದ್ಯೆ. ನೌಬಾದಿನ ಕರೇಜ್ ಎರಡು ಕಿಲೋಮೀಟರಿಗೂ ಉದ್ದ, ಮೇಲಿನಿಂದ ಗಾಳಿ ಬೆಳಕಿಗೆ ಇಪ್ಪತ್ತಕ್ಕೂ ಹೆಚ್ಚು ಬಾವಿಯಂಥ ಕಂಡಿಗಳು. ಪಂಪಿಲ್ಲ, ಕರೆಂಟಿಲ್ಲ, ಬರೀ ಇಳಿಜಾರಿನ ಮೇಲೆ ನೀರು ತಾನಾಗಿ ಹರಿದು ಬರುವ ವ್ಯವಸ್ಥೆ.

ನಾನು ಇದನ್ನು ಇತಿಹಾಸಕ್ಕಾಗಿ ಹೇಳುತ್ತಿಲ್ಲ. ಊರು ಬೆಳೆದಂತೆ ಇಂಥ ಕಂಡಿಗಳಲ್ಲಿ ಕೆಲವು ಮಣ್ಣು, ಕಸ ತುಂಬಿ ಮುಚ್ಚಿದವು, ಕೆಲವು ಲೇಔಟಿನ ಕೆಳಗೆ ಹೋದವು. ಸರ್ವೆ ನಂಬರಿನ ನಕ್ಷೆಯಲ್ಲಿ ಅದೊಂದು ಹಾಳು ಬಾವಿ. ನೆಲದ ಕೆಳಗಿನ ಸುರಂಗ ನಕ್ಷೆಯಲ್ಲಿ ಇರುವುದೇ ಇಲ್ಲ. ಒಂದು ಕಂಡಿ ಮುಚ್ಚಿದರೆ ಸುರಂಗದ ಸಾಲಿಗೇ ಏಟು. ಅದರ ಮೇಲೆ ಮನೆ ಕಟ್ಟಿದರೆ ಮನೆಗೂ ಅಪಾಯ. ಬೀದರಿನಲ್ಲಿ ಕೆಲಸ ಮಾಡುವ ಹುಡುಗರೇ, ಹೊಲದಲ್ಲಿ ಒಂದು ಬಾವಿ ಕಂಡರೆ ಒಂದೇ ಅಂದುಕೊಳ್ಳಬೇಡಿ. ತಲೆ ಎತ್ತಿ ಪಕ್ಕದ ಹೊಲ ನೋಡಿ, ಅದೇ ಸಾಲಿನಲ್ಲಿ ಇನ್ನೊಂದು ಇದೆಯೇ ಎಂದು ನೋಡಿ. ಇದ್ದರೆ ಆ ಸಾಲಿನ ಉದ್ದಕ್ಕೂ ರಸ್ತೆಯನ್ನೂ ತರಬೇಡಿ, ಹಸಿರು ಪಟ್ಟಿ ಬಿಡಿ. ಇನ್ನೊಂದು ಮಾತು: ಅಲ್ಲಿಯ ನೆಲದಲ್ಲಿ ಇಂಗುಗುಂಡಿ ಚೆನ್ನಾಗಿ ಇಂಗುತ್ತದೆ, ಆದ್ದರಿಂದಲೇ ಅದು ಬಾವಿಯ ನೀರಿಗೆ ವಿಷ. ಅಲ್ಲಿ ಮಳೆ ನೀರು ಇಂಗಿಸಬೇಕು, ಕೊಳಚೆ ಇಂಗಿಸಬಾರದು. ಕಲಬುರಗಿಯಲ್ಲಿ ಬರೆದ ಫೈಲನ್ನು ಕಾಪಿ ಮಾಡಿ, ಸರ್ವೆ ನಂಬರ್ ಬದಲಿಸಿ ಬೀದರಿಗೆ ಕೊಡುವ ರೂಢಿ ನಮ್ಮ ಕಸುಬಿನಲ್ಲಿದೆ. ದಯವಿಟ್ಟು ಮಾಡಬೇಡಿ. ಎರಡು ಊರುಗಳ ನಡುವೆ ನೂರು ಕಿಲೋಮೀಟರಿಗೆ ತುಸು ಹೆಚ್ಚು ದಾರಿ, ನೆಲದ ಸ್ವಭಾವ ಮಾತ್ರ ತಿರುವು ಮುರುವು.

ಬಿಸಿಲಿನ ವಿಷಯ. ನಮ್ಮೂರು ಭೂಮಧ್ಯರೇಖೆಯಿಂದ ಉತ್ತರಕ್ಕೆ ಹದಿನೇಳು ಡಿಗ್ರಿಯ ಮೇಲಿದೆ. ಮೇ ಎರಡನೇ ವಾರದಿಂದ ಆಗಸ್ಟ್ ಮೊದಲ ವಾರದವರೆಗೆ ಮಧ್ಯಾಹ್ನದ ಸೂರ್ಯ ನೆತ್ತಿಯಿಂದ ತುಸು ಉತ್ತರಕ್ಕೇ ಇರುತ್ತಾನೆ. ಬೇಸಿಗೆಯಲ್ಲಿ ನಮ್ಮನ್ನು ಸುಡುವುದು ಮಾಳಿಗೆ, ಅಂದರೆ ಮನೆಯ ಚಾವಣಿ, ಮತ್ತು ಪಡುವಣ ಗೋಡೆ. ಮಾಳಿಗೆ ಮನೆಯವರ ಕೈಯಲ್ಲಿದೆ. ಪಡುವಣ ಗೋಡೆ ಲೇಔಟ್ ಬರೆಯುವವನ ಕೈಯಲ್ಲಿದೆ. ಸಾಲು ಮನೆಗಳಲ್ಲಿ ಎಡಬಲದ ಗೋಡೆಗೆ ಪಕ್ಕದ ಮನೆಯ ನೆರಳು ಸಿಗುತ್ತದೆ. ಬಯಲಿಗೆ ತೆರೆದಿರುವುದು ರಸ್ತೆ ಕಡೆಯ ಮುಖ. ರಸ್ತೆ ದಕ್ಷಿಣೋತ್ತರವಾಗಿ ಎಳೆದರೆ ಅರ್ಧ ಮನೆಗಳ ಮುಖ ಪಡುವಣಕ್ಕೆ, ಸಂಜೆ ಆರರವರೆಗೂ ಬೆಂಕಿ. ಪೂರ್ವಪಶ್ಚಿಮವಾಗಿ ಎಳೆದರೆ ಮುಖಗಳು ಉತ್ತರಕ್ಕೆ, ದಕ್ಷಿಣಕ್ಕೆ. ದಕ್ಷಿಣ ಬಾಗಿಲು ಬೇಡ ಅನ್ನುವವರು ಬಹಳ ಮಂದಿ, ಅವರ ನಂಬಿಕೆಯನ್ನು ನಾನು ತಳ್ಳಿಹಾಕುವುದಿಲ್ಲ. ದಕ್ಷಿಣ ಮುಖದ ಪ್ಲಾಟುಗಳನ್ನು ತುಸು ಅಗಲ ಮಾಡಿದರೆ ಬಾಗಿಲನ್ನು ಪಕ್ಕಕ್ಕೆ ತಿರುಗಿಸಿ ಇಡಲು ಅವರಿಗೆ ಜಾಗ ಸಿಗುತ್ತದೆ. ಪಡುವಣ ಮುಖ ತಪ್ಪಿಸಲಾಗದ ಕಡೆ ರಸ್ತೆ ಅಂಚಿಗೆ ಬೇವು ನೆಡಿ, ಆದರೆ ಗೋಡೆಗೆ ಅಂಟಿಸಿ ನೆಡಬೇಡಿ. ಕರಿಮಣ್ಣಿನಲ್ಲಿ ದೊಡ್ಡ ಮರದ ಬೇರು ಪಾಯಾದ ಕೆಳಗಿನ ತೇವ ಎಳೆದರೆ ಆ ಮೂಲೆ ಮಾತ್ರ ಕುಸಿಯುತ್ತದೆ.

ನಮ್ಮ ಊರ ಸುತ್ತ ನಾಲ್ಕು ಎಕರೆ, ಐದು ಎಕರೆಯ ಲೇಔಟುಗಳೇ ಹೆಚ್ಚು. ಒಂದರ ರಸ್ತೆ ಇನ್ನೊಂದರ ಕಾಂಪೌಂಡಿಗೆ ಹೋಗಿ ನಿಲ್ಲುತ್ತದೆ. ಪಕ್ಕದ ಹೊಲ ನಾಳೆ ಲೇಔಟ್ ಆಗುವುದು ಖಂಡಿತ ಎಂದು ಎಲ್ಲರಿಗೂ ಗೊತ್ತಿದ್ದೂ ಹೀಗೆ ಮಾಡುತ್ತೇವೆ. ಪಕ್ಕದವರ ಬಂಡಿ ದಾರಿ ಮುಚ್ಚಿ ಕೋರ್ಟಿಗೆ ಹೋದವರನ್ನೂ ನೋಡಿದ್ದೇನೆ.

ಕಾನೂನಿನ ಬಗ್ಗೆ ಎರಡೇ ಮಾತು. 1964ರ ಭೂ ಕಂದಾಯ ಕಾಯ್ದೆಯ 95ನೇ ಕಲಮಿನಡಿ ಭೂ ಪರಿವರ್ತನೆ ಆದರೆ "ಎನ್‌ಎ ಆಗ್ಯಾದ", ಅಂದರೆ ಹೊಲ ಕೃಷಿಯೇತರ ಆಗಿದೆ, ಅಂತ ಹೇಳಿ ಮಾರುತ್ತಾರೆ. ಎನ್‌ಎ ಆದ ಮಾತ್ರಕ್ಕೆ ಲೇಔಟಿಗೆ ಮಂಜೂರಾತಿ ಸಿಕ್ಕಂತಲ್ಲ. ಯೋಜನಾ ಪ್ರಾಧಿಕಾರ ಒಪ್ಪಿದ ನಕಾಶೆ ಬೇರೆಯೇ ಕೇಳಿ. ಮನೆ, ಪ್ಲಾಟ್ ಕೊಳ್ಳುವವರ ರಕ್ಷಣೆಗೆ ಬಂದ 2016ರ ರೇರಾ ಕಾಯ್ದೆ 500 ಚದರ ಮೀಟರ್ ಮೀರಿದ ಲೇಔಟಿಗೂ ಅನ್ವಯಿಸುತ್ತದೆ. ಕೊಂಡವರಲ್ಲಿ ಮೂರರಲ್ಲಿ ಎರಡು ಪಾಲು ಜನ ಬರೆದು ಒಪ್ಪದೆ ಮಂಜೂರಾದ ನಕಾಶೆ ಬದಲಿಸುವಂತಿಲ್ಲ. ಉದ್ಯಾನವನ್ನು ಆಮೇಲೆ ಪ್ಲಾಟ್ ಮಾಡಿದರೆ ಸುಮ್ಮನಿರಬೇಡಿ.

ಒಂದು ಹೊಲದಲ್ಲಿ ಅಳತೆ ನಡೆದಿತ್ತು. ವಯಸ್ಸಾದ ಅವ್ವ ಒಬ್ಬರು ಬಂದು ಬೇವಿನ ಮರದ ಬುಡ ತೋರಿಸಿದರು. ನಮ್ಮ ಕಡೆ ಎಷ್ಟೋ ಮನೆತನಗಳು ಹಿರಿಯರನ್ನು ಸ್ವಂತ ಹೊಲದಲ್ಲೇ ಮಣ್ಣು ಮಾಡುತ್ತವೆ. "ಯಪ್ಪಾ, ಇವರನ್ನ ಎಲ್ಲಿ ಇಡ್ತೀರಿ?" ಅಂತ ಕೇಳಿದರು. ನಕಾಶೆಯಲ್ಲಿ ಆ ಜಾಗ 41ನೇ ಪ್ಲಾಟಿನ ಅಡುಗೆ ಮನೆ ಬರುವ ಕಡೆ ಇತ್ತು. ಮಕ್ಕಳು ಮಾತಾಡಲಿಲ್ಲ. ರಸ್ತೆಯನ್ನು ಹದಿನೈದು ಅಡಿ ಸರಿಸಿ, ಉದ್ಯಾನದ ಹೊರಗಿನ ಅಂಚಿಗೆ ಆ ಮರ, ಆ ಸಮಾಧಿ ಬರುವ ಹಾಗೆ ಮಾಡಿ, ಅಷ್ಟು ತುಂಡನ್ನು ಮನೆತನದ ಹೆಸರಲ್ಲೇ ಉಳಿಸಿದೆವು. ಒಂದು ಪ್ಲಾಟ್ ಹೋಯಿತು. ಅಮಾವಾಸ್ಯೆಗೆ ಅವ್ವ ಈಗಲೂ ಅಲ್ಲಿಗೆ ಕಾಯಿ ತೆಗೆದುಕೊಂಡು ಹೋಗುತ್ತಾರೆ.

ಮಾತು ಮುಗಿದ ಮೇಲೆ ಶಾಲೆಯಲ್ಲಿ ಕಲಿಸುವ ಒಬ್ಬ ಅಕ್ಕ ಎದ್ದು ನಿಂತು ಕೇಳಿದರು: "ಸರ್, ನಾವು ಇಂಜಿನಿಯರ್ ಅಲ್ಲ. ಹುಮನಾಬಾದ್ ರಸ್ತೆ ಕಡೆ ಒಂದು ಪ್ಲಾಟ್ ನೋಡಿಟ್ಟೀವಿ. ನಾವೇನು ನೋಡ್ಬೇಕ್ರಿ?"

ಅವರಿಗೆ ಹೇಳಿದ್ದನ್ನು ಇಲ್ಲಿ ಬರೆಯುತ್ತೇನೆ. ಕಂದಾಯ ಇಲಾಖೆಯ ದಿಶಾಂಕ್ ಆ್ಯಪ್ ಫೋನಿಗೆ ಹಾಕಿಕೊಂಡು ಆ ಜಾಗದಲ್ಲಿ ನಿಂತು ನೋಡಿ. ಯಾವ ಸರ್ವೆ ನಂಬರಿನಲ್ಲಿ ನಿಂತಿದ್ದೀರಿ ಎಂದು ತೋರಿಸುತ್ತದೆ. ಹಳೆಯ ಗ್ರಾಮ ನಕ್ಷೆ ತೆಗೆಸಿ, ಹಳ್ಳದ ಗೆರೆ ಎಲ್ಲಿಂದ ಬಂದು ಎಲ್ಲಿಗೆ ಹೋಗಿದೆ ಎಂದು ಬೆರಳಿಟ್ಟು ನೋಡಿ. ಗಟಾರ ಹಿಡಿದುಕೊಂಡು ಅದು ಮುಗಿಯುವ ತನಕ ನಡೆಯಿರಿ. ಹಳ್ಳಕ್ಕೆ ಸೇರಿದರೆ ಸರಿ, ಯಾರದೋ ಹೊಲದ ಬದುವಿಗೆ ಹೋಗಿ ನಿಂತರೆ ಆ ಹೊಲದವರು ನಾಳೆ ಅದನ್ನು ಮುಚ್ಚುತ್ತಾರೆ. ಪಕ್ಕದ ಹೊಲದವರಿಗೆ ಚಹಾ ಕುಡಿಸಿ, ಜೋರು ಮಳೆಯಲ್ಲಿ ಇಲ್ಲಿ ಎಲ್ಲಿ ನೀರು ನಿಲ್ಲುತ್ತದೆ ಎಂದು ಕೇಳಿ. ಮಾರುವವರನ್ನು ಕೇಳುವುದಕ್ಕಿಂತ ಅವರನ್ನು ಕೇಳುವುದು ಮೇಲು. ಮುಂಗಡ ಕೊಡುವುದನ್ನು ಒಂದು ಮಳೆ ಬೀಳುವವರೆಗೆ ತಡೆಯಿರಿ.

"ಮಳಿ ಬಿದ್ದಾಗ ನೀವೂ ಬರ್ತೀರೇನ್ರಿ?" ಅಂದರು. ಬರುತ್ತೇನೆ ಅಂದಿದ್ದೇನೆ. ಮೊದಲ ದೊಡ್ಡ ಮಳೆಯ ಮರುದಿನ ಬೆಳಿಗ್ಗೆ ಹೋಗುವುದೆಂದು ಗೊತ್ತಾಗಿದೆ. ಸಿವಿಲ್ ಓದುವ ನಾಲ್ಕು ಹುಡುಗಿಯರೂ ಬರುತ್ತೇವೆ ಅಂದಿದ್ದಾರೆ. ಬರಿಗಾಲಲ್ಲಿ ನಡೆಯಲು ತಯಾರಾಗಿ ಬನ್ನಿ ಅಂತ ಹೇಳಿದ್ದೇನೆ, ಎರೆಯಲ್ಲಿ ಚಪ್ಪಲಿ ಉಳಿಯುವುದಿಲ್ಲ.